ನಮ್ಮೂರಿಗೆ ಹೋಗಲು ಯಾರ ಅಪ್ಪಣೆ?

“ಅಕ್ಕೋರೆ, ನಮ್ಮೂರಿಗಿ ನಾವು ಹೋಗ್ಲಿಕ್ಕ ಯಾರ ಅಪ್ಪಣಿ ಬೇಕ್ರಿ?”

2020ರ ಮೇ ತಿಂಗಳ ಮೂರನೆಯ ವಾರದಲ್ಲಿ, ಸೊಲ್ಲಾಪುರ ದಾಟಿದ ಮೇಲೆ ಬರುವ ಗಡಿಯ ಚೆಕ್‌ಪೋಸ್ಟಿನ ಬಳಿಯಿಂದ ಫೋನು ಮಾಡಿ ನನ್ನನ್ನು ಹೀಗೆ ಕೇಳಿದವರು ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ. ಯಾದಗಿರಿ ಜಿಲ್ಲೆಯಿಂದ ಮುಂಬಯಿಗೆ ಬಂದು ಹದಿನಾಲ್ಕು ವರ್ಷವಾಗಿದ್ದ ಅವರು ದಿನಾ ಬೆಳಿಗ್ಗೆ ನಾಕಾದಲ್ಲಿ ನಿಂತು, ಯಾರು ಕರೆದರೆ ಅವರ ಕಟ್ಟಡಕ್ಕೆ ಹೋಗಿ ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು, ಸಂಜೆ ಕೂಲಿ ತರುವವರು. ಮಾರ್ಚ್ ಕೊನೆಯಿಂದ ನಾಕಾ ಖಾಲಿಯಾಗಿತ್ತು. ಮೇ ಬರುವಷ್ಟರಲ್ಲಿ ಖೋಲಿಯ ಬಾಡಿಗೆ ಎರಡು ತಿಂಗಳು ಬಾಕಿ ಬಿದ್ದಿತ್ತು. ಹೆಂಡತಿಯ ಕಿವಿಯೋಲೆ ಮಾರಿ, ಇನ್ನೆರಡು ಕುಟುಂಬಗಳೊಂದಿಗೆ ಸೇರಿ ಟೆಂಪೊ ಗೊತ್ತುಮಾಡಿ ಹೊರಟವರನ್ನು ಕರ್ನಾಟಕದ ಗಡಿಯಲ್ಲಿ ತಡೆದಿದ್ದರು. ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸವಿತ್ತು, ಊರಿನಲ್ಲಿ ತಾಯಿಯಿದ್ದರು, ಮಾತಾಡುವ ಭಾಷೆ ಗಡಿಯಾಚೆಯ ಪೊಲೀಸರದ್ದೇ ಆಗಿತ್ತು. ಸರ್ಕಾರದ ಆದೇಶವಾಗಿದೆ, ಸ್ವಲ್ಪ ತಾಳಿಕೊಳ್ಳಿ ಎಂದು ನಾನು ಹೇಳಿದಾಗ ಅವರು, “ಯಾವ ಸರಕಾರದ್ರಿ? ಅಲ್ಲಿಂದೋ, ಇಲ್ಲಿಂದೋ?” ಎಂದರು. ಒಂದು ಸರ್ಕಾರ ಅವರನ್ನು ಎರಡು ತಿಂಗಳು ಖೋಲಿಯೊಳಗೆ ಕೂರಿಸಿತ್ತು. ಇನ್ನೊಂದು ಸರ್ಕಾರ ಈಗ ಬಾಗಿಲು ಹಾಕಿತ್ತು. ಆ ಹೊತ್ತು ನನ್ನ ಬಳಿ ಉತ್ತರವಿರಲಿಲ್ಲ. ವರ್ಷಗಳು ಕಳೆದರೂ ಆ ಪ್ರಶ್ನೆಯನ್ನು ಬಿಟ್ಟುಬಿಡಲು ನನಗೆ ಆಗಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ನಾನು ಲಾಕ್‌ಡೌನಿನ ವಿರೋಧಿಯಾಗಿರಲಿಲ್ಲ, ಈಗಲೂ ಅಲ್ಲ. ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಎಪ್ಪತ್ತೆಂಟು ವರ್ಷದ, ಸಕ್ಕರೆ ಕಾಯಿಲೆಯ ಅತ್ತೆ ಇದ್ದರು. ಸೋಂಕು ತಗಲಿದವನಿಗೆ ಕೆಮ್ಮು ಜ್ವರ ಕಾಣಿಸಿಕೊಳ್ಳುವ ಮೊದಲೇ ಅದು ಇನ್ನೊಬ್ಬರಿಗೆ ಹರಡಬಲ್ಲದು ಎಂದು ಗೊತ್ತಾದ ಮೇಲೆ, ನನ್ನ ಓಡಾಟ ನನ್ನೊಬ್ಬಳ ವಿಷಯವಾಗಿ ಉಳಿಯಲಿಲ್ಲ. ದಿನಕ್ಕೆ ಎಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನರು ಒಬ್ಬರ ಉಸಿರನ್ನು ಇನ್ನೊಬ್ಬರು ಉಸಿರಾಡುತ್ತ ಪ್ರಯಾಣಿಸುವ ಲೋಕಲ್ ರೈಲುಗಳನ್ನು 2020ರ ಮಾರ್ಚ್ 22ರ ಮಧ್ಯರಾತ್ರಿಯಿಂದ ನಿಲ್ಲಿಸಿದಾಗ, ಯುದ್ಧವಾಗಲಿ ಬಾಂಬು ಸ್ಫೋಟವಾಗಲಿ ಹಾಗೆ ತಿಂಗಳುಗಟ್ಟಲೆ ನಿಲ್ಲಿಸಿರದ ರೈಲು ನಿಂತಿತಲ್ಲ ಎಂದು ಭಯವಾಯಿತೇ ಹೊರತು ಅನ್ಯಾಯವಾಯಿತು ಅನ್ನಿಸಲಿಲ್ಲ. ಲಾಕ್‌ಡೌನ್ ರೋಗವನ್ನು ಗುಣಪಡಿಸುವುದಿಲ್ಲ, ಸಮಯವನ್ನು ಕೊಡುತ್ತದೆ. ಆ ಸಮಯದಲ್ಲಿ ಮುಂಬಯಿ ಬಾಂದ್ರಾ–ಕುರ್ಲಾ ಸಂಕೀರ್ಣದ ಮೈದಾನದಲ್ಲಿ ಆಸ್ಪತ್ರೆ ಕಟ್ಟಿತು, ವರ್ಲಿಯ ಕ್ರೀಡಾಂಗಣದಲ್ಲಿ ಹಾಸಿಗೆ ಹಾಕಿತು, ಶಾಲೆಗಳನ್ನು ಕ್ವಾರಂಟೈನ್ ಕೇಂದ್ರಗಳಾಗಿ ಮಾಡಿತು. ಆ ಸಮಯ ಸಿಗದೇ ಹೋಗಿದ್ದರೆ ಎಷ್ಟು ಜನ ಬಾಗಿಲಲ್ಲೇ ಸಾಯುತ್ತಿದ್ದರು ಎಂದು ನೆನೆಸಿಕೊಂಡರೆ, ಸ್ವಾತಂತ್ರ್ಯದ ಹೆಸರಿನಲ್ಲಿ ಎಲ್ಲ ನಿರ್ಬಂಧವನ್ನೂ ತಳ್ಳಿಹಾಕುವವರ ಮಾತು ನನಗೆ ರುಚಿಸುವುದಿಲ್ಲ.

ಆದರೆ ನಿರ್ಬಂಧ ಬೇಕಿತ್ತೇ ಎಂಬುದೊಂದು ಪ್ರಶ್ನೆ. ಆ ನಿರ್ಬಂಧಕ್ಕೆ ಉತ್ತರ ಕೊಡುವವರು ಯಾರು ಎಂಬುದು ಬೇರೆಯದೇ ಪ್ರಶ್ನೆ. ನಾವು ಮೊದಲನೆಯದಕ್ಕೆ ಹೌದು ಎಂದ ಕೂಡಲೇ ಎರಡನೆಯದನ್ನು ಕೇಳುವುದನ್ನು ನಿಲ್ಲಿಸಿಬಿಟ್ಟೆವು. ನನ್ನ ತಕರಾರು ಇರುವುದು ಅಲ್ಲಿ.

ಈ ನಗರದಲ್ಲಿ ಈ ಪ್ರಶ್ನೆ ಹುಟ್ಟಿದ್ದು 2020ರಲ್ಲಿ ಅಲ್ಲ. 1896ರ ಸೆಪ್ಟೆಂಬರಿನಲ್ಲಿ ಗೋವಾ ಮೂಲದ ವೈದ್ಯ ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಅವರು ಮಾಂಡ್ವಿಯ ಗೋದಾಮುಗಳ ಓಣಿಯಲ್ಲಿ ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ, 1897ರ ಫೆಬ್ರವರಿಯಲ್ಲಿ, ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಆಗ ಅದರಲ್ಲಿದ್ದದ್ದು ನಾಲ್ಕೇ ಕಲಮುಗಳು. ಸರ್ಕಾರಕ್ಕೆ ಬೇಕಾದ ಕ್ರಮ ಕೈಗೊಳ್ಳುವ ಅಧಿಕಾರವಿದೆ, ಮೀರಿದವರಿಗೆ ಶಿಕ್ಷೆಯಿದೆ, ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ರೋಗಿಗೆ ಏನು ಹಕ್ಕಿದೆ, ಎಷ್ಟು ದಿನ ಹಿಡಿದಿಡಬಹುದು, ಮನೆಯವರಿಗೆ ಏನು ತಿಳಿಸಬೇಕು ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಪುಣೆಯಲ್ಲಿ ಪ್ಲೇಗ್ ಕಮಿಷನರ್ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ್ದು, ದೇವರ ಕೋಣೆ, ಅಡುಗೆಮನೆ ಎನ್ನದೆ ಶೋಧಿಸಿದ್ದು, 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನ ಮೇಲೆ ಗುಂಡು ಹಾರಿಸಿದ್ದು, ಅದರ ಬೆನ್ನಿಗೇ ಟಿಳಕರು ರಾಜದ್ರೋಹದ ಆರೋಪದಲ್ಲಿ ಹದಿನೆಂಟು ತಿಂಗಳ ಶಿಕ್ಷೆಗೆ ಒಳಗಾದದ್ದು ಎಲ್ಲ ಇತಿಹಾಸದ ಪಠ್ಯದಲ್ಲಿ ನಾವು ಮಕ್ಕಳಿಗೆ ಕಲಿಸುವ ಸಂಗತಿಗಳೇ. 2020ರ ಮಾರ್ಚಿನಲ್ಲಿ ರಾಜ್ಯ ಸರ್ಕಾರಗಳು ಕೈಗೆತ್ತಿಕೊಂಡದ್ದು ಅದೇ ಕಾಯಿದೆಯನ್ನು.

ಪಠ್ಯದಲ್ಲಿ ಇಲ್ಲದ ಇನ್ನೊಂದು ಘಟನೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 1896ರ ಅಕ್ಟೋಬರಿನಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. ಅದು ಇಂದಿನ ಕಸ್ತೂರ್ಬಾ ಆಸ್ಪತ್ರೆ. 2020ರಲ್ಲಿ ನಗರದ ಮೊದಲ ಕೋವಿಡ್ ರೋಗಿಗಳು ದಾಖಲಾದದ್ದೂ ಅಲ್ಲಿಗೇ. ಆ ಕಾರ್ಮಿಕರನ್ನು ಅಜ್ಞಾನಿಗಳು ಎಂದು ಬರೆದುಬಿಡುವುದು ಸುಲಭ. ಆದರೆ ಅವರು ಕಂಡದ್ದಿಷ್ಟೇ: ಮನೆಯಿಂದ ಬಲವಂತವಾಗಿ ಒಯ್ದವರಲ್ಲಿ ಹೆಚ್ಚಿನವರು ಮರಳಿ ಬರಲಿಲ್ಲ, ಒಳಗೆ ಏನಾಯಿತೆಂದು ಹೊರಗಿನವರಿಗೆ ಯಾರೂ ಹೇಳಲಿಲ್ಲ. ಇದನ್ನು ನಾನು ಓದಿ ತಿಳಿದದ್ದಲ್ಲದೆ, ನನ್ನ ಕೈಯಾರೆ ನಡೆದ ಒಂದು ಪ್ರಸಂಗದಿಂದಲೂ ಅರಿತೆ.

2020ರ ಜುಲೈಯಲ್ಲಿ ನಮ್ಮಂಥ ಅನೇಕ ಶಿಕ್ಷಕರನ್ನು ಮನೆಮನೆ ಸಮೀಕ್ಷೆಗೆ ನಿಯೋಜಿಸಿದ್ದರು. ಒಂದು ಕೈಯಲ್ಲಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರು, ಇನ್ನೊಂದರಲ್ಲಿ ಹೆಸರು ಬರೆಯುವ ಹಾಳೆ. ಒಂದು ಮಧ್ಯಾಹ್ನ ಹತ್ತಡಿ ಹನ್ನೆರಡಡಿಯ ಖೋಲಿಯೊಂದರ ಮುಂದೆ ನಿಂತೆ. ಒಳಗೆ ಏಳು ಜನ. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಬೀದರ್ ಕಡೆಯ ಹಿರಿಯರೊಬ್ಬರ ಬೆರಳಿಗೆ ಆಕ್ಸಿಮೀಟರು ಹಾಕಿದಾಗ 89 ತೋರಿಸಿತು. ನಾನು ಕನ್ನಡದವಳೆಂದು ತಿಳಿದ ಅವರು ಎರಡೂ ಕೈ ಜೋಡಿಸಿ, “ಬರೀಬ್ಯಾಡ್ರಿ ತಾಯಿ” ಎಂದರು. ನಾನು ಬರೆದೆ. ಸಂಜೆ ಆಂಬುಲೆನ್ಸ್ ಬಂದು ಅವರನ್ನು ಕರೆದುಕೊಂಡು ಹೋಯಿತು. ಬರೆದದ್ದು ತಪ್ಪೆಂದು ನನಗೆ ಒಂದು ಕ್ಷಣವೂ ಅನ್ನಿಸಿಲ್ಲ. ಆ ಖೋಲಿಯಲ್ಲಿ ಇನ್ನಾರು ಜನರಿದ್ದರು, ಆ ಹಿರಿಯರಿಗೂ ಆಮ್ಲಜನಕ ಬೇಕಿತ್ತು. ಆದರೆ ಅವರನ್ನು ಎಲ್ಲಿಗೆ ಒಯ್ದರು ಎಂಬುದನ್ನು ಅವರ ಹೆಂಡತಿಗೆ ಮೂರು ದಿನ ಯಾರೂ ಹೇಳಲಿಲ್ಲ. ನಾನು ನನಗೆ ಕೊಟ್ಟಿದ್ದ ನಂಬರುಗಳಿಗೆಲ್ಲ ಫೋನು ಮಾಡಿದೆ. ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸಿದರು. ನಾಲ್ಕನೆಯ ದಿನ ಪಕ್ಕದ ಹಾಸಿಗೆಯವರ ಮೊಬೈಲಿನಿಂದ ಅವರೇ ಫೋನು ಮಾಡಿದರು. ಎರಡು ವಾರದ ಬಳಿಕ ಗುಣವಾಗಿ ಬಂದರು.

ಅಷ್ಟರಲ್ಲಿ ಆ ಗಲ್ಲಿಯ ಬಾಗಿಲುಗಳು ನಮಗೆ ಮುಚ್ಚಿಬಿಟ್ಟಿದ್ದವು. ಜ್ವರದ ಮಾತ್ರೆ ನುಂಗಿ ಮೈ ತಣ್ಣಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದರು, ಮುದುಕರನ್ನು ಮಾಳಿಗೆಗೆ ಹತ್ತಿಸುತ್ತಿದ್ದರು. ಮೂರು ದಿನ ಒಬ್ಬ ಹೆಂಗಸಿಗೆ ಒಂದು ವಾಕ್ಯದ ಮಾಹಿತಿ ಕೊಡದೇ ಹೋದದ್ದಕ್ಕೆ ಇಡೀ ಗಲ್ಲಿಯ ರೋಗಪತ್ತೆ ಕೆಟ್ಟಿತು. ನಾಗರಿಕ ಹಕ್ಕುಗಳನ್ನೂ ರೋಗ ನಿಯಂತ್ರಣವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಎದುರುಬದುರು ಇಟ್ಟು ಮಾತಾಡುವ ಅಭ್ಯಾಸ ನಮಗಿದೆಯಲ್ಲ, ಆ ಗಲ್ಲಿಯಲ್ಲಿ ಅದು ಸುಳ್ಳೆಂದು ನನಗೆ ಮನವರಿಕೆಯಾಯಿತು. ಒಯ್ಯುವ ಅಧಿಕಾರವಿದ್ದವರಿಗೆ ತಿಳಿಸುವ ಬಾಧ್ಯತೆಯೂ ಇದ್ದಿದ್ದರೆ, ಆ ಹಿರಿಯರ ಹಕ್ಕೂ ಉಳಿಯುತ್ತಿತ್ತು, ಮುಂದಿನ ಹತ್ತು ಖೋಲಿಗಳ ರೋಗವೂ ಪತ್ತೆಯಾಗುತ್ತಿತ್ತು.

ಧಾರಾವಿ ಇದಕ್ಕೆ ಇನ್ನೊಂದು ಬದಿಯ ಸಾಕ್ಷಿ. ಸುಮಾರು ಎರಡು ಚದರ ಕಿಲೋಮೀಟರಿನಲ್ಲಿ ಎಂಟು ಲಕ್ಷಕ್ಕೂ ಮೀರಿದ ಜನ ಬದುಕುವ, ಬಹುಪಾಲು ಮಂದಿ ಸಾರ್ವಜನಿಕ ಶೌಚಾಲಯವನ್ನೇ ನೆಚ್ಚಿಕೊಂಡಿರುವ ಆ ಜಾಗದಲ್ಲಿ ಏಪ್ರಿಲ್ 1ರಂದು ಮೊದಲ ಪ್ರಕರಣ ಕಂಡಾಗ, ಮನೆಯಲ್ಲೇ ಇರಿ, ಅಂತರ ಕಾಯ್ದುಕೊಳ್ಳಿ ಎನ್ನುವ ಆದೇಶ ಅರ್ಥಹೀನವಾಗಿತ್ತು. ಅಲ್ಲಿ ಕೆಲಸ ಮಾಡಿದ್ದು ಬರೀ ಬ್ಯಾರಿಕೇಡಲ್ಲ. ಅಲ್ಲಿನವರಿಗೆ ಪರಿಚಯವಿದ್ದ ಖಾಸಗಿ ಡಾಕ್ಟರುಗಳು ಬೀದಿಗಿಳಿದದ್ದು, ಶೌಚಾಲಯಗಳನ್ನು ಮತ್ತೆ ಮತ್ತೆ ತೊಳೆದದ್ದು, ಊಟ ಹಂಚಿದ್ದು, ಕ್ವಾರಂಟೈನ್ ಕೇಂದ್ರದಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತದೆ ಎಂಬ ಸುದ್ದಿ ಹಬ್ಬಿದ್ದು. ಜುಲೈಯಲ್ಲಿ ನಗರದ ಮೂರು ವಾರ್ಡುಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ ಜೋಪಡಿ ಪ್ರದೇಶಗಳ ಸುಮಾರು 57 ಶೇಕಡಾ ಜನರಲ್ಲಿ ಸೋಂಕು ಬಂದುಹೋದ ಗುರುತಾದ ಪ್ರತಿಕಾಯಗಳು ಸಿಕ್ಕವು. ಕಟ್ಟಡಗಳಲ್ಲಿರುವ ನಮ್ಮಂಥವರಲ್ಲಿ ಸಿಕ್ಕಿದ್ದು 16 ಶೇಕಡಾ. ಆದೇಶ ಎಲ್ಲರಿಗೂ ಒಂದೇ ಆಗಿತ್ತು. ಆದರೆ ಮನೆ ಇದ್ದವರನ್ನು ಅದು ಮನೆಯೊಳಗೆ ಕಾಪಾಡಿತು, ಖೋಲಿ ಇದ್ದವರನ್ನು ಖೋಲಿಯೊಳಗೆ ರೋಗದ ಜೊತೆಗೇ ಕೂಡಿಹಾಕಿತು. ಕೂಲಿ ಕಳೆದುಕೊಂಡವರೂ ಅವರೇ, ಸೋಂಕು ಹೆಚ್ಚು ತಗಲಿಸಿಕೊಂಡವರೂ ಅವರೇ.

ಗಡಿಯಿಂದ ಬಂದ ಪ್ರಶ್ನೆಗೆ ಮರಳುತ್ತೇನೆ. ಸಂವಿಧಾನದ 19(1)(ಡಿ) ವಿಧಿ ದೇಶದ ಉದ್ದಗಲಕ್ಕೂ ಸ್ವತಂತ್ರವಾಗಿ ಓಡಾಡುವ ಹಕ್ಕನ್ನು ಪ್ರತಿ ಪ್ರಜೆಗೂ ಕೊಟ್ಟಿದೆ. 19(5)ನೆಯ ವಿಧಿ ಸಾರ್ವಜನಿಕ ಹಿತಕ್ಕಾಗಿ ಕಾನೂನಿನ ಮೂಲಕ ಅದರ ಮೇಲೆ ಯುಕ್ತವಾದ ನಿರ್ಬಂಧ ಹೇರಲು ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಯುಕ್ತ ಎಂಬ ಆ ಒಂದು ಪದದಲ್ಲಿ ನನ್ನ ಇಡೀ ವಾದ ಅಡಗಿದೆ. ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿರಲಿಲ್ಲ. ಆದ್ದರಿಂದ ಹಕ್ಕುಗಳು ಒಂದು ದಿನವೂ ಅಮಾನತಾಗಿರಲಿಲ್ಲ, ಪ್ರತಿಯೊಂದು ಆದೇಶವೂ ಯುಕ್ತವೇ ಎಂಬ ಪ್ರಶ್ನೆಗೆ ಉತ್ತರಿಸಲು ಬದ್ಧವಾಗಿತ್ತು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ ಬಂದ ಮುಖ್ಯ ಮಾತೂ ಇದೇ: ಹಕ್ಕನ್ನು ಮೊಟಕುಗೊಳಿಸಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಮೊಟಕುಗೊಳಿಸಿದ ಪ್ರಮಾಣ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಆ ಮೊಕದ್ದಮೆ ಹೂಡಿದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಮೂರು ವರ್ಷವೂ ತುಂಬದೆ ಅವರದೇ ರಾಜ್ಯದಲ್ಲಿ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳನ್ನು ಬಹಿರಂಗಪಡಿಸಲಾಯಿತು, ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಆದೇಶಿಸಲಾಯಿತು.

ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾಗಿ ಹನ್ನೆರಡಕ್ಕೆ ಜಾರಿಯಾಯಿತು. ನಾಲ್ಕು ಗಂಟೆ. ನಮ್ಮ ಮನೆಯಲ್ಲಿ ಆ ನಾಲ್ಕು ಗಂಟೆ ಅಕ್ಕಿ ಬೇಳೆ ತರುವುದಕ್ಕೆ ಸಾಕಾಯಿತು. ಯಾದಗಿರಿಗೆ ಹೋಗುವುದಕ್ಕೆ ಸಾಕಾಗುತ್ತಿರಲಿಲ್ಲ. ರೈಲುಗಳಂತೂ ಎರಡು ದಿನ ಮೊದಲೇ ನಿಂತಿದ್ದವು. ಆ ದಿನ ಇಡೀ ದೇಶದಲ್ಲಿ ಪತ್ತೆಯಾಗಿದ್ದ ಪ್ರಕರಣಗಳು ಸುಮಾರು 500. ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳನ್ನು ಬಿಡಲು ಶುರುಮಾಡಿದ ಮೇ 1ರ ಹೊತ್ತಿಗೆ ಆ ಸಂಖ್ಯೆ 35,000 ತಲುಪಿತ್ತು, ಮುಂಬಯಿ ಅದರ ಕೇಂದ್ರವಾಗಿತ್ತು. ಅಂದರೆ, ರೋಗ ಇನ್ನೂ ವಿರಳವಾಗಿದ್ದಾಗ ಊರಿಗೆ ಹೋಗಲು ಬಿಡದೆ, ಹತ್ತು ಜನರ ಖೋಲಿಗಳಲ್ಲಿ ಐದಾರು ವಾರ ಇಟ್ಟು, ರೋಗ ಹಬ್ಬಿದ ಮೇಲೆ ಬಿಟ್ಟೆವು. ಮಾರ್ಚಿನಲ್ಲಿ ನಾಲ್ಕೈದು ದಿನದ ಗಡುವು ಕೊಟ್ಟು, ರೈಲು ಓಡಿಸಿ, ಊರಿನಲ್ಲಿ ಹದಿನಾಲ್ಕು ದಿನ ಪ್ರತ್ಯೇಕವಾಗಿರಿಸುವ ವ್ಯವಸ್ಥೆ ಮಾಡಿದ್ದರೆ ಒಂದಿಷ್ಟು ಸೋಂಕು ಹಳ್ಳಿಗಳಿಗೆ ಹೋಗುತ್ತಿತ್ತು, ನಿಜ. ಆದರೆ ಮೇ ತಿಂಗಳಲ್ಲಿ ಹೋದದ್ದಕ್ಕಿಂತ ಅದು ತೀರ ಕಡಿಮೆಯಿರುತ್ತಿತ್ತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಪ್ಲೇಗಿನ ಕಾಲದಲ್ಲಿ ಲಕ್ಷಾಂತರ ಜನ ಮುಂಬಯಿ ಬಿಟ್ಟು ಓಡಿದರು, ಅವರೊಂದಿಗೆ ಪ್ಲೇಗೂ ಹೋಯಿತು ಎಂದು ವಾದಿಸುವವರಿದ್ದಾರೆ. ಜನ ಹೇಗಿದ್ದರೂ ಊರಿಗೆ ಹೊರಡುತ್ತಾರೆ ಎಂಬ ಪಾಠವೂ ಅದರಲ್ಲೇ ಇತ್ತಲ್ಲವೇ? ರೈಲಿಲ್ಲದಿದ್ದರೆ ನಡೆದು ಹೊರಡುತ್ತಾರೆ. ಮಾರ್ಚ್ 31ರಂದು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ರಸ್ತೆಯ ಮೇಲೆ ಈಗ ಯಾವ ವಲಸಿಗನೂ ಇಲ್ಲ ಎಂದು ಹೇಳಿತು. ಮೇ 8ರ ನಸುಕಿನಲ್ಲಿ ಔರಂಗಾಬಾದಿನ ಕರ್ಮಾಡ್ ಬಳಿ ಹಳಿಯ ಮೇಲೆ ದಣಿದು ಮಲಗಿದ್ದ ಹದಿನಾರು ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಜಾಲ್ನಾದಿಂದ ಹೊರಟು ಶ್ರಮಿಕ್ ರೈಲು ಹಿಡಿಯಲು ನಡೆದಿದ್ದವರು ಅವರು.

ಅದೇ ವಾರ ನಮ್ಮ ಕರ್ನಾಟಕ ನಡೆದುಕೊಂಡ ರೀತಿಯನ್ನು ನಾನು ಮರೆಯಲಾರೆ. ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರುಗಳ ಪ್ರತಿನಿಧಿಗಳನ್ನು ಭೇಟಿಯಾದರು. ಅದರ ಬೆನ್ನಿಗೆ, ಉತ್ತರದ ರಾಜ್ಯಗಳ ಕಾರ್ಮಿಕರಿಗಾಗಿ ಕೇಳಿದ್ದ ರೈಲುಗಳು ಬೇಡವೆಂದು ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಟೀಕೆ ಜೋರಾದ ಮೇಲೆ ಎರಡು ಮೂರು ದಿನದಲ್ಲಿ ನಿರ್ಧಾರ ಬದಲಾಯಿತು. ಆದರೆ ಆ ಎರಡು ಮೂರು ದಿನ ಆ ಕಾರ್ಮಿಕರನ್ನು ತಡೆದದ್ದು ರೋಗದ ಕಾರಣಕ್ಕೆ ಅಲ್ಲ. ಕಟ್ಟಡದ ಕೆಲಸ ನಿಲ್ಲಬಾರದೆಂಬ ಕಾರಣಕ್ಕೆ. ಸಾರ್ವಜನಿಕ ಆರೋಗ್ಯಕ್ಕಾಗಿ ಎಂದು ನಾವು ಒಪ್ಪಿಕೊಟ್ಟ ಅಧಿಕಾರ ಎಷ್ಟು ಬೇಗ ಬೇರೆಯವರ ಅನುಕೂಲಕ್ಕೆ ಬಳಕೆಯಾಗಬಲ್ಲದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಗುಜರಾತಿನಲ್ಲಿ ಹನ್ನೆರಡು ಗಂಟೆ ದುಡಿಸಿ, ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಕೊಡಬೇಕಿಲ್ಲ ಎಂದು ಇದೇ ನೆಪದಲ್ಲಿ ಅಧಿಸೂಚನೆ ಬಂದಿತ್ತು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು.

ಮೇ 18ರಂದು ಕರ್ನಾಟಕ, ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ನನ್ನ ವಿದ್ಯಾರ್ಥಿನಿಯ ತಂದೆ ಗಡಿಯಲ್ಲಿ ನಿಂತದ್ದು ಆಗ. ಮಂಡ್ಯದಲ್ಲೂ ಉಡುಪಿಯಲ್ಲೂ ಆ ತಿಂಗಳು ಮುಂಬಯಿಯಿಂದ ಹೋದವರಲ್ಲಿ ಸೋಂಕು ಹೆಚ್ಚಾಗಿ ಕಂಡದ್ದು ನಿಜ. ಊರಿನವರ ಭಯ ಸುಳ್ಳಾಗಿರಲಿಲ್ಲ. ಆದರೆ ಮುಂಬಯಿಯಲ್ಲಿ ಹೋಟೆಲಿನ ಬಟ್ಟಲು ತೊಳೆದು, ಬಂದರಿನಲ್ಲಿ ದುಡಿದು, ಮೂರು ತಲೆಮಾರು ಊರಿಗೆ ಮನಿಯಾರ್ಡರು ಕಳಿಸಿದವರನ್ನು, ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮೊದಲ ಚೀಟಿ ಹರಿಸಿದವರನ್ನು ‘ಮುಂಬಯಿಯವರು’ ಎಂಬ ಒಂದೇ ಮಾತಿನಲ್ಲಿ ರೋಗವೆಂದು ಕರೆದ ಆ ದಿನಗಳ ನೋವು ಇಲ್ಲಿನ ಪ್ರತಿ ಕನ್ನಡ ಮನೆಯಲ್ಲೂ ಇದೆ. ಬರುವವರನ್ನು ಹದಿನಾಲ್ಕು ದಿನ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಇರಿಸುವುದು ಯುಕ್ತವಾದ ನಿರ್ಬಂಧ. ನನ್ನ ಸಂಬಂಧಿಕರು ಹಾಗೆ ಇದ್ದು ಬಂದರು, ದೂರಲಿಲ್ಲ. ಬರಲೇಬೇಡಿ ಎನ್ನುವುದು ಬೇರೆ. ಸ್ವಂತ ನೆಲಕ್ಕೆ ಕಾಲಿಡದಂತೆ ತಡೆದ ಮೇಲೆ, ಬಾಡಿಗೆ ಖೋಲಿ ಬಿಟ್ಟು ಬಂದ ಮನುಷ್ಯ ಎಲ್ಲಿ ಇರಬೇಕೆಂದು ಆ ಆದೇಶ ಹೇಳಬೇಕಿತ್ತು. ಹೇಳಿರಲಿಲ್ಲ.

ಕಾನೂನಿನಲ್ಲಿ ಕೊಡುವ ಭಾಗ ಇರಲೇ ಇಲ್ಲ ಎಂದಲ್ಲ. ಲಾಕ್‌ಡೌನಿಗೆ ಆಧಾರವಾದ 2005ರ ವಿಪತ್ತು ನಿರ್ವಹಣಾ ಕಾಯಿದೆಯ 12ನೆಯ ಕಲಮು, ವಿಪತ್ತಿಗೆ ಸಿಕ್ಕವರಿಗೆ ಆಸರೆ, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವು, ಸತ್ತವರ ಕುಟುಂಬಕ್ಕೆ ಪರಿಹಾರ ಇವುಗಳ ಕನಿಷ್ಠ ಮಟ್ಟವನ್ನು ನಿಗದಿಪಡಿಸಬೇಕೆನ್ನುತ್ತದೆ. ಅದೇ ಕಾಯಿದೆಯ ತಡೆಯುವ ಭಾಗ ನಾಲ್ಕು ಗಂಟೆಯಲ್ಲಿ ಜಾರಿಗೆ ಬಂತು. ಕೊಡುವ ಭಾಗಕ್ಕಾಗಿ ಜನ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಪರಿಹಾರ ಕೊಡುವುದು ಕರ್ತವ್ಯವೆಂದು ಕೋರ್ಟು ಹೇಳಿದ್ದು 2021ರ ಜೂನ್ 30ರಂದು, ಐವತ್ತು ಸಾವಿರ ರೂಪಾಯಿಯ ಮೊತ್ತಕ್ಕೆ ಒಪ್ಪಿಗೆ ಸಿಕ್ಕಿದ್ದು ಆ ಅಕ್ಟೋಬರಿನಲ್ಲಿ. ನಾಲ್ಕು ಗಂಟೆಗೂ ಒಂದೂವರೆ ವರ್ಷಕ್ಕೂ ಇರುವ ಈ ಅಂತರ ನನ್ನನ್ನು ಕಾಡುವಷ್ಟು ಬೇರಾವುದೂ ಕಾಡುವುದಿಲ್ಲ.

ಸರ್ಕಾರವನ್ನಷ್ಟೇ ಹೇಳಿ ಮುಗಿಸಿದರೆ ನಾನು ಪ್ರಾಮಾಣಿಕಳಾಗುವುದಿಲ್ಲ. ಮೇಲಿನವರು ಪ್ರಶ್ನೆಯಿಲ್ಲದ ಅಧಿಕಾರವನ್ನು ಬಳಸುವುದನ್ನು ಕಂಡ ಕೆಳಗಿನವರೂ ಅದನ್ನು ಕಲಿತರು. ನಮ್ಮ ವಸತಿ ಸೊಸೈಟಿಯಲ್ಲಿ ಸರ್ಕಾರ ಮನೆಕೆಲಸದವರ ಮೇಲಿನ ನಿರ್ಬಂಧವನ್ನು ಸಡಿಲಿಸಿದ ಮೇಲೂ ಅವರನ್ನು ಎರಡು ತಿಂಗಳು ಗೇಟಿನಿಂದಾಚೆಗೇ ನಿಲ್ಲಿಸಿದರು. ಆಮೇಲೆ ಬಿಟ್ಟಾಗ ಅವರಿಗೆ ಲಿಫ್ಟು ಬೇಡ, ಮೆಟ್ಟಿಲು ಹತ್ತಲಿ ಎಂದರು. ಕೊರಿಯರಿನವರು, ಸಂಬಂಧಿಕರು, ವಿದೇಶದಿಂದ ಬಂದ ಮಗ ಎಲ್ಲರೂ ಲಿಫ್ಟಿನಲ್ಲೇ ಬರುತ್ತಿದ್ದರು. ಸಭೆಯಲ್ಲಿ ಇದರ ಪ್ರಸ್ತಾಪ ಬಂದಾಗ ನಾನು ಅಲ್ಲೇ ಇದ್ದೆ. ಅತ್ತೆಯ ಆರೋಗ್ಯವನ್ನು ನೆನೆದು ಸುಮ್ಮನಿದ್ದೆ. ಏಳನೆಯ ಮಹಡಿಗೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಆ ಹೆಂಗಸಿನ ಮುಖ ನೋಡಿದ ಮೇಲೂ ಮುಂದಿನ ಸಭೆಯವರೆಗೆ ಸುಮ್ಮನಿದ್ದೆ. ಭಯ ನ್ಯಾಯವಾದದ್ದೇ ಆಗಿರಬಹುದು, ಆದರೆ ಭಯದಲ್ಲಿ ಮಾಡಿದ ನಿಯಮ ತಾನಾಗಿಯೇ ನ್ಯಾಯವಾಗುವುದಿಲ್ಲ ಎಂದು ನಾನು ಆ ಸಭೆಯಲ್ಲಿ ಹೇಳಬೇಕಿತ್ತು.

ಲಸಿಕೆಯ ವಿಷಯದಲ್ಲಿ ಹಲವು ಗೆಳೆಯರಿಗೂ ನನಗೂ ಅಭಿಪ್ರಾಯಭೇದವಾಯಿತು. ನಾನು ಲಸಿಕೆ ಹಾಕಿಸಿಕೊಂಡೆ, ಪಾಲಕರನ್ನು ಒಪ್ಪಿಸಲು ಮನೆಮನೆಗೆ ಹೋದೆ. ಆದರೆ 2021ರ ಆಗಸ್ಟ್ 15ರಿಂದ ಎರಡೂ ಡೋಸು ಪಡೆದು ಹದಿನಾಲ್ಕು ದಿನವಾದವರಿಗೆ ಮಾತ್ರ ಲೋಕಲ್ ಎಂದಾಗ, ಅದನ್ನು ಸರಿಯೆನ್ನಲು ನನಗೆ ಆಗಲಿಲ್ಲ. ಲೆಕ್ಕ ಹಾಕಿ ನೋಡಿ. ಹದಿನೆಂಟು ದಾಟಿದವರೆಲ್ಲರಿಗೂ ಕೇಂದ್ರ ಉಚಿತ ಲಸಿಕೆ ಶುರುಮಾಡಿದ್ದು ಜೂನ್ 21ರಂದು. ಅದಕ್ಕೆ ಮುಂಚೆ ಮಹಾರಾಷ್ಟ್ರದಲ್ಲಿ ಕೊರತೆಯಿಂದಾಗಿ ಆ ವಯಸ್ಸಿನವರ ಲಸಿಕೆಯೇ ನಿಂತಿತ್ತು. ಕೋವಿಶೀಲ್ಡಿನ ಎರಡು ಡೋಸುಗಳ ನಡುವೆ 84 ದಿನ, ಅದರ ಮೇಲೆ ಇನ್ನು ಹದಿನಾಲ್ಕು. ಮೊದಲನೆಯ ದಿನವೇ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡ ಮೂವತ್ತರ ಹುಡುಗನಿಗೂ ಸೆಪ್ಟೆಂಬರ್ ಕೊನೆಯವರೆಗೆ ರೈಲಿಲ್ಲ. ಹಣ ಕೊಟ್ಟು ಮೊದಲೇ ಹಾಕಿಸಿಕೊಂಡವರು ರೈಲು ಹತ್ತಿದರು; ನಾಲಾಸೋಪಾರಾದಿಂದ ದಾದರಿಗೆ ಬರಬೇಕಾದ ಹೋಟೆಲ್ ಮಾಣಿ ಮೂರು ಬಸ್ಸು ಬದಲಿಸಿ, ರೈಲಿನಷ್ಟೇ ಇಕ್ಕಟ್ಟಿನಲ್ಲಿ ನಿಂತು ಬಂದ. ಬಸ್ಸಿನಲ್ಲಿ ಇರದ ಸೋಂಕು ರೈಲಿನಲ್ಲಿ ಇತ್ತೇ ಎಂಬ ಪ್ರಶ್ನೆಗೆ ನನಗೆ ಯಾರೂ ಉತ್ತರಿಸಿಲ್ಲ. 2022ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟ್, ಆ ಆದೇಶಗಳನ್ನು ಹೊರಡಿಸಿದ ರೀತಿಯೇ ನಿಯಮಕ್ಕೆ ಅನುಗುಣವಾಗಿರಲಿಲ್ಲ ಎಂದಿತು. ಮೇ 2ರಂದು ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಕೆಲವು ಮಿತಿಗಳನ್ನು ಹೇರಬಹುದು, ಆದರೆ ಆ ಮಿತಿಗಳು ಪರಿಸ್ಥಿತಿಗೆ ತಕ್ಕ ಪ್ರಮಾಣದಲ್ಲಿರಬೇಕು ಎಂದಿತು. ಎರಡೂ ಸರಿಯಾದ ಮಾತುಗಳು. ಎರಡೂ ಬಂದದ್ದು ಅಲೆ ಇಳಿದ ಮೇಲೆ. ಆದೇಶ ಬಂದ ವಾರದಲ್ಲೇ ಅದನ್ನು ಪ್ರಶ್ನಿಸಿ ಉತ್ತರ ಪಡೆಯುವ ಒಂದು ಕಿಟಕಿ ನಮಗೆ ಇರಲಿಲ್ಲ, ಇನ್ನೂ ಇಲ್ಲ.

ನನ್ನ ವಿದ್ಯಾರ್ಥಿನಿಯ ಕುಟುಂಬ ಗಡಿಯಲ್ಲಿ ಎರಡು ರಾತ್ರಿ ಕಳೆದು, ಕೊನೆಗೆ ಒಳಗೆ ಬಿಟ್ಟ ಮೇಲೆ ಊರಿನ ಶಾಲೆಯಲ್ಲಿ ಹದಿನಾಲ್ಕು ದಿನ ಇದ್ದು, ಮರುವರ್ಷದ ಫೆಬ್ರವರಿಯಲ್ಲಿ ಮುಂಬಯಿಗೆ ಮರಳಿತು. ಮಗಳ ಹೆಸರನ್ನು ಮತ್ತೆ ಹಾಜರಿಗೆ ಸೇರಿಸಲು ಬಂದ ತಂದೆ ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡು, ಆಧಾರ್, ಟೀಸಿಗಳ ಜೊತೆಗೆ ಕ್ವಾರಂಟೈನ್ ಮುಗಿದಾಗ ಕೊಟ್ಟ ಚೀಟಿಯನ್ನೂ ತೆಗೆದು ಮೇಜಿನ ಮೇಲಿಟ್ಟರು. ಇದರಲ್ಲಿ ಏನು ಬರೆದಿದೆ ಓದಿ ಹೇಳಿ ಎಂದರು. ಹೆಸರು, ವಯಸ್ಸು, ಎರಡು ತಾರೀಖು, ಒಂದು ಸೀಲು, ಯಾರದೆಂದು ತಿಳಿಯದ ಒಂದು ಸಹಿ ಇದ್ದವು. ಯಾವ ಕಾನೂನಿನಡಿ ಎಂದಾಗಲಿ, ಯಾವ ಅಧಿಕಾರಿ ಎಂದಾಗಲಿ ಎಲ್ಲಿಯೂ ಇರಲಿಲ್ಲ. ಶಾಲೆಗೆ ಇದು ಬೇಕಿಲ್ಲ, ಇನ್ನು ಹರಿದು ಹಾಕಬಹುದು ಎಂದೆ. ಅವರು ಅದನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಚಿ ಚೀಲದೊಳಗೆ ಇಟ್ಟುಕೊಂಡರು.

“ಇರ್ಲಿ ಬಿಡ್ರಿ ಅಕ್ಕೋರೆ. ಮತ್ತ ಯಾರರ ತಡದ್ರ ತೋರಸ್ಲಿಕ್ಕ ಬೇಕಾಗ್ತದ.”